ನೀರು ಕಾಯುವುದು, ಕುದಿಯುವುದು, ಬತ್ತುವುದು

‘ಕಾಯಿಸಿ ಆರಿಸಿದ ನೀರನ್ನೇ ಕುಡಿಯಿರಿ’ ಎಂಬುದು ವೈದ್ಯರಾದ ನಾವು ದಿನಕ್ಕೆ ಹತ್ತಾರು ಬಾರಿ ಹೇಳುವ ಮಾತು. ಆದರೆ ಎಷ್ಟು ಕಾಯಿಸಬೇಕೆಂದು ಮರಳಿ ಕೇಳುವವರು ವಿರಳ. ಕೆಲವರು ಪಾತ್ರೆಯ ತಳದಲ್ಲಿ ನಾಲ್ಕು ಗುಳ್ಳೆಗಳು ಕಂಡೊಡನೆ ಒಲೆಯಿಂದ ಇಳಿಸುತ್ತಾರೆ. ಇನ್ನು ಕೆಲವರು, ಆಯುರ್ವೇದದಲ್ಲಿ ಹೇಳಿದೆಯೆಂದು, ಕೊಳವೆಬಾವಿಯ ನೀರನ್ನು ಅರ್ಧಕ್ಕೆ ಇಳಿಯುವವರೆಗೆ ಕುದಿಸಿ ವರ್ಷಗಟ್ಟಲೆ ಸೇವಿಸುತ್ತಾರೆ. ಮೊದಲನೆಯವರ ನೀರು ನಿರ್ದೋಷವಾಗಿದೆಯೆಂದು ಹೇಳಲಾಗದು. ಎರಡನೆಯವರ ನೀರು ಕೆಲವು ಊರುಗಳಲ್ಲಿ ಕಾಯಿಸುವ ಮೊದಲು ಇದ್ದುದಕ್ಕಿಂತಲೂ ಹೆಚ್ಚು ಅಹಿತಕರವಾಗಿರುತ್ತದೆ. ಇದೇಕೆಂದು ತಿಳಿಯಲು ಒಲೆಯ ಮೇಲಿನ ಪಾತ್ರೆಯೊಳಗೆ ಏನು ನಡೆಯುತ್ತದೆಂಬುದನ್ನು ನೋಡಬೇಕು.

ನೀರು ಆವಿಯಾಗಲು ಕುದಿಯಲೇಬೇಕೆಂಬ ನಿಯಮವಿಲ್ಲ. ಹಗ್ಗದ ಮೇಲೆ ಹರವಿದ ಒದ್ದೆ ಬಟ್ಟೆ ನೆರಳಿನಲ್ಲಿಯೂ ಒಣಗುತ್ತದೆ. ನೀರಿನ ಅಣುಗಳು ಸದಾ ಚಲಿಸುತ್ತಿರುತ್ತವೆ. ಅವುಗಳಲ್ಲಿ ಹೆಚ್ಚು ವೇಗವುಳ್ಳವು ಮೇಲ್ಮೈಯಿಂದ ಬಿಡಿಸಿಕೊಂಡು ಗಾಳಿಯನ್ನು ಸೇರುತ್ತವೆ. ಅವು ತಮ್ಮೊಡನೆ ಶಾಖವನ್ನೂ ಒಯ್ಯುವುದರಿಂದ ಉಳಿದ ನೀರು ತಂಪಾಗುತ್ತದೆ. ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ, ಬೆವರು ಆರಿದಾಗ ಮೈ ಹಗುರವೆನಿಸುವುದೂ ಈ ಕಾರಣದಿಂದಲೇ. ಜ್ವರ ಬಂದ ಮಗುವಿನ ಮೈಯನ್ನು ಒರೆಸಲು ಮಂಜಿನಂತಹ ನೀರು ಬೇಡ, ಉಗುರುಬೆಚ್ಚಗಿನ ನೀರೇ ಸಾಕು ಎಂದು ನಾವು ಹೇಳುವುದೂ ಇದಕ್ಕಾಗಿಯೇ. ಆ ತಂಪು ಬಹುಮಟ್ಟಿಗೆ ಆರುವಿಕೆಯಿಂದ ಬರುವಂಥದು.

ಈಗ ಪಾತ್ರೆಯನ್ನು ಒಲೆಯ ಮೇಲಿಡೋಣ. ಸ್ವಲ್ಪ ಹೊತ್ತಿನಲ್ಲಿಯೇ ತಳದಲ್ಲಿಯೂ ಅಂಚಿನಲ್ಲಿಯೂ ಸಾಸಿವೆಯಷ್ಟು ಚಿಕ್ಕ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಇವು ಕುದಿತದ ಗುಳ್ಳೆಗಳಲ್ಲ. ತಣ್ಣೀರಿನಲ್ಲಿ ಕರಗಿದ್ದ ಗಾಳಿಯು ನೀರು ಬಿಸಿಯಾದಂತೆ ಹೊರಬೀಳುತ್ತಿರುತ್ತದೆ, ಅಷ್ಟೆ. ಅನಂತರ ಪಾತ್ರೆ ಗುಂಯ್‌ಗುಡಲಾರಂಭಿಸುತ್ತದೆ. ತಳದಲ್ಲಿ ಹುಟ್ಟಿದ ಉಗಿಯ ಗುಳ್ಳೆಗಳು ಮೇಲಿನ ಕಡಿಮೆ ಬಿಸಿಯ ನೀರನ್ನು ಮುಟ್ಟಿ ಒಡನೆಯೇ ಕುಸಿಯುವಾಗ ಹೊರಡುವ ಸದ್ದು ಅದು. ನೀರೆಲ್ಲ ಒಂದೇ ಬಿಸಿಗೆ ಬಂದಾಗ ಗುಳ್ಳೆಗಳು ಕುಸಿಯದೆ ಮೇಲಕ್ಕೇರಿ ಒಡೆಯುತ್ತವೆ. ಸದ್ದಿನ ರೀತಿ ಬದಲಾಗಿ ಇಡೀ ನೀರು ತಳಮಳಿಸುತ್ತದೆ. ಇದೇ ಕುದಿತ. ಆರುವಿಕೆ ಮೇಲ್ಮೈಯಲ್ಲಿ ಮಾತ್ರ ನಡೆದರೆ, ಕುದಿಯುವಾಗ ನೀರಿನ ಒಡಲೊಳಗೇ ಉಗಿ ಹುಟ್ಟುತ್ತದೆ.

ಸಮುದ್ರ ಮಟ್ಟದಲ್ಲಿ ಇದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಯುತ್ತದೆ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುತ್ತದೆ. ಮಂಗಳೂರಿನಲ್ಲಿ ನೂರರ ಸಮೀಪ ಕುದಿಯುವ ನೀರು ಬೆಂಗಳೂರಿನಲ್ಲಿ 97ರ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಇದರಿಂದ ಬೇಳೆ ಬೇಯುವುದು ತುಸು ತಡವಾದೀತೇ ಹೊರತು ನೀರಿನ ಶುದ್ಧಿಗೆ ಕೊರತೆಯಿಲ್ಲ. ವಾಂತಿ-ಭೇದಿ, ವಿಷಮಶೀತಜ್ವರ, ಕಾಮಾಲೆಗಳನ್ನು ತರುವ ಸೂಕ್ಷ್ಮಜೀವಿಗಳು ಈ ಬಿಸಿಯಲ್ಲಿ ಉಳಿಯವು. ನೀರು ಚೆನ್ನಾಗಿ ತಳಮಳಿಸಿದ ಮೇಲೆ ಒಂದು ನಿಮಿಷ ಬಿಟ್ಟು ಒಲೆ ಆರಿಸಿದರೆ ಸಾಕು. ಎರಡು ಸಾವಿರ ಮೀಟರಿಗೂ ಮೇಲ್ಪಟ್ಟ ಊರುಗಳಲ್ಲಿ ಮೂರು ನಿಮಿಷ ಬೇಕೆನ್ನುತ್ತಾರೆ. ನಮ್ಮ ನಾಡಿನ ಮುಳ್ಳಯ್ಯನಗಿರಿಯ ತುದಿಯೂ ಅಷ್ಟು ಎತ್ತರವಿಲ್ಲ.

ಕುದಿಯಲಾರಂಭಿಸಿದ ಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ತೆರೆದ ಪಾತ್ರೆಯ ನೀರಿನ ಬಿಸಿ ಏರುವುದಿಲ್ಲ. ಹೆಚ್ಚಿನ ಶಾಖವೆಲ್ಲ ಉಗಿಯಾಗುವುದಕ್ಕೇ ವ್ಯಯವಾಗುತ್ತದೆ. ಆ ವ್ಯಯ ಅಲ್ಪವಲ್ಲ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿತಕ್ಕೆ ತರಲು ಸುಮಾರು 75 ಕಿಲೊಕ್ಯಾಲೊರಿ ಶಾಖ ಸಾಕು. ಅದೇ ನೀರನ್ನು ಪೂರ್ತಿ ಉಗಿಯಾಗಿಸಲು ಮತ್ತೆ 540ರಷ್ಟು ಬೇಕು. ದಾಸೋಹದ ಕೊಪ್ಪರಿಗೆಯಲ್ಲಿ ಸಾರು ಕುದಿ ಬಂದೊಡನೆ ಅನುಭವಿ ಅಡುಗೆಯವರು ಕೊಳ್ಳಿಗಳನ್ನು ಹಿಂದಕ್ಕೆ ಎಳೆಯುವುದು ಈ ಲೆಕ್ಕಕ್ಕೆ ಸರಿಯಾಗಿಯೇ ಇದೆ.

ಉಗಿಯೊಳಗೆ ಅಡಗಿದ ಈ ಶಾಖ ಎಲ್ಲಿಯೂ ಹೋಗುವುದಿಲ್ಲ. ಉಗಿಯು ಚರ್ಮಕ್ಕೆ ತಾಗಿ ನೀರಾಗುವಾಗ ಅದನ್ನೆಲ್ಲ ಅಲ್ಲಿಯೇ ಬಿಟ್ಟುಕೊಡುತ್ತದೆ. ಆದ್ದರಿಂದ ಉಗಿಯ ಸುಟ್ಟಗಾಯ ಬಲು ಆಳಕ್ಕಿಳಿಯುತ್ತದೆ. ಪಾತ್ರೆಯ ಮೇಲೆ ಬೆಳ್ಳಗೆ ಕಾಣುವುದು ತಣಿದು ಹನಿಗಟ್ಟಿದ ಆವಿ. ನಿಜವಾದ ಉಗಿ ಬಾಯಿಯ ಬಳಿ ಕಣ್ಣಿಗೇ ಕಾಣಿಸದು. ಶೀತವಾಯಿತೆಂದು ಚಿಕ್ಕ ಮಕ್ಕಳನ್ನು ಕುದಿಯುವ ನೀರಿನ ಪಾತ್ರೆಯ ಮುಂದೆ ಕಂಬಳಿ ಹೊದಿಸಿ ಕೂರಿಸುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. ಪಾತ್ರೆ ಮಗುಚಿದರೆ ಆಗುವ ಅನಾಹುತದ ಮುಂದೆ ಮೂಗು ಕಟ್ಟಿರುವುದು ದೊಡ್ಡ ಕಷ್ಟವಲ್ಲ.

ಇನ್ನು ಮುಖ್ಯವಾದ ವಿಷಯ. ಉಗಿಯಾಗಿ ಮೇಲೇರುವುದು ನೀರು ಮಾತ್ರ. ಅದರಲ್ಲಿ ಕರಗಿದ ಲವಣಗಳು ಪಾತ್ರೆಯಲ್ಲಿಯೇ ಉಳಿಯುತ್ತವೆ. ಗಡಸು ನೀರನ್ನು ಕುದಿಸಿದಾಗ ಸುಣ್ಣದ ಅಂಶದ ಒಂದು ಭಾಗ ಬಿಳಿಯ ಹೊಪ್ಪಳೆಯಾಗಿ ಪಾತ್ರೆಗೆ ಹತ್ತುವುದನ್ನು ಕಂಡು, ನೀರಿನ ದೋಷವೆಲ್ಲ ಕೆಳಗಿಳಿಯಿತೆಂದು ಭಾವಿಸುವವರಿದ್ದಾರೆ. ಫ್ಲೋರೈಡ್, ನೈಟ್ರೇಟ್, ಉಪ್ಪು ಇವು ಹಾಗೆ ಇಳಿಯುವುದಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಇರಬಹುದು ಎಂಬುದು ಭಾರತೀಯ ಮಾನಕ. 1.5 ಮಿಲಿಗ್ರಾಂ ಇರುವ ನೀರನ್ನು ಅರ್ಧಕ್ಕೆ ಬತ್ತಿಸಿದರೆ ಅದು ಲೀಟರಿಗೆ ಸುಮಾರು 3 ಮಿಲಿಗ್ರಾಂ ಆಗುತ್ತದೆ. ಕಾಲು ಭಾಗಕ್ಕೆ ಇಳಿಸಿದರೆ 6. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂತಹ ಸೀಮೆಗಳಲ್ಲಿ ಅಂತರ್ಜಲದ ಫ್ಲೋರೈಡ್ ಹಳೆಯ ಸಮಸ್ಯೆ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ಹಿರಿಯರ ಬೆನ್ನು ಮೊಣಕಾಲುಗಳ ಬಿಗಿತ, ಕೊನೆಗೆ ಮೂಳೆಗಳ ವಿಕಾರ ಇದರ ಫಲ. ಅಂತಹ ಊರಿನವರು ಆರೋಗ್ಯಕ್ಕೆಂದು ನೀರನ್ನು ಬತ್ತಿಸಿ ಕುಡಿದರೆ ರೋಗವನ್ನೇ ಗಟ್ಟಿಮಾಡಿ ಕುಡಿದಂತಾಗುತ್ತದೆ.

ಹಾಗಾದರೆ ಶಾಸ್ತ್ರದ ಮಾತು ಸುಳ್ಳೇ ಎಂದು ಕೇಳಬಹುದು. ಭಾವಪ್ರಕಾಶದಲ್ಲಿ ಉಷ್ಣೋದಕವನ್ನು ಎಂಟನೆಯ ಒಂದು ಭಾಗಕ್ಕೆ, ಕಾಲಿಗೆ, ಅರ್ಧಕ್ಕೆ ಇಳಿಸುವ ಕ್ರಮವಿರುವುದು ನಿಜ. ಕೇವಲ ಕುದಿಸಿದ ನೀರೂ ಉಷ್ಣೋದಕವೇ ಎಂದು ಅಲ್ಲಿಯೇ ಹೇಳಿದೆ. ಆ ಗ್ರಂಥಗಳ ಕಾಲದಲ್ಲಿ ಜನ ಕುಡಿಯುತ್ತಿದ್ದುದು ಮಳೆ, ನದಿ, ಕೆರೆ, ತೆರೆದ ಬಾವಿಗಳ ನೀರನ್ನು. ಬಂಡೆಯನ್ನು ನೂರಾರು ಅಡಿ ಕೊರೆದು ತೆಗೆದ ನೀರು ಅವರ ಮುಂದಿರಲಿಲ್ಲ. ಬತ್ತಿಸಿದ ನೀರು ದೋಷ ನೋಡಿ, ದಿನ ಎಣಿಸಿ ರೋಗಿಗೆ ಕೊಡಬೇಕಾದುದೆಂದೂ, ಮನೆಮಂದಿಯ ನಿತ್ಯಪಾನಕ್ಕೆ ಕುದಿಸಿದ್ದಷ್ಟೇ ಸಾಕೆಂದೂ ನಮ್ಮ ಅಭಿಪ್ರಾಯ. ಕೊಳವೆಬಾವಿಯನ್ನೇ ನಂಬಿದವರು ಮೊದಲು ನೀರನ್ನು ಪರೀಕ್ಷೆ ಮಾಡಿಸಬೇಕು. ಫ್ಲೋರೈಡ್ ಹೆಚ್ಚಿದ್ದರೆ ಸುಸ್ಥಿತಿಯಲ್ಲಿರುವ ಶುದ್ಧ ನೀರಿನ ಘಟಕದ ನೀರನ್ನಾಗಲಿ, ಸ್ವಚ್ಛವಾದ ಮಾಳಿಗೆಯಿಂದ ಹಿಡಿದ ಮಳೆನೀರನ್ನಾಗಲಿ ಮುಚ್ಚಳ ಮುಚ್ಚಿ ಕುದಿಸಿ ಕುಡಿಯುವುದು ಲೇಸು.

ಕಷಾಯದ ಮಾತು ಬೇರೆ. ಅಲ್ಲಿ ಬತ್ತಿಸುವುದೇ ಉದ್ದೇಶ. ಗಟ್ಟಿಯಾದ ಬೇರು, ತೊಗಟೆಗಳ ಸಾರವನ್ನು ಇಳಿಸಲು ಹದಿನಾರು ಪಾಲು ನೀರು ಹಾಕಿ ಎಂಟನೆಯ ಒಂದು ಭಾಗ ಉಳಿಯುವಂತೆ ಮಂದಾಗ್ನಿಯಲ್ಲಿ, ತೆರೆದ ಪಾತ್ರೆಯಲ್ಲಿ ಕುದಿಸುತ್ತೇವೆ. ತುಳಸಿ, ಏಲಕ್ಕಿ, ನಿಂಬೆಹುಲ್ಲು ಮೊದಲಾದ ಪರಿಮಳದ ದ್ರವ್ಯಗಳನ್ನು ಹಾಗೆ ಕುದಿಸಬಾರದು. ಅವುಗಳ ಸುಗಂಧತೈಲ ಉಗಿಯೊಡನೆ ಹಾರಿಹೋಗುತ್ತದೆ. ಅಡುಗೆಮನೆ ಘಮಘಮಿಸಿದಷ್ಟೂ ಲೋಟದಲ್ಲಿ ಗುಣ ಕಡಿಮೆ. ಕುದಿದ ನೀರನ್ನು ಕೆಳಗಿಳಿಸಿ, ಅವನ್ನು ಹಾಕಿ, ಮುಚ್ಚಿಟ್ಟು ಸೋಸಬೇಕು. ಇದನ್ನೇ ಫಾಂಟವೆನ್ನುವುದು.

ಕುದಿಸಿದ ನೀರು ಅದೇ ಪಾತ್ರೆಯಲ್ಲಿ ಮುಚ್ಚಿದಂತೆಯೇ ಆರಲಿ. ತಣಿದ ನೀರಿಗೆ ಲೋಟವನ್ನೋ ಕೈಯನ್ನೋ ಅದ್ದಿದರೆ ಹೊಸದಾಗಿ ಸೂಕ್ಷ್ಮಜೀವಿಗಳು ಸೇರುತ್ತವೆ. ಉದ್ದ ಹಿಡಿಯ ಸೌಟು ಅಥವಾ ನಲ್ಲಿಯಿರುವ ಪಾತ್ರೆ ಉತ್ತಮ. ಕಾಯಿಸಿ ರಾತ್ರಿ ಕಳೆದ ನೀರು ಮೂರು ದೋಷಗಳನ್ನೂ ಕೆರಳಿಸುತ್ತದೆಂದು ಅಷ್ಟಾಂಗಹೃದಯ ಹೇಳುತ್ತದೆ. ಬೆಳಗ್ಗೆ ಕುದಿಸಿದ್ದನ್ನು ರಾತ್ರಿಯೊಳಗೆ ಮುಗಿಸಿ, ಮರುದಿನಕ್ಕೆ ಹೊಸದಾಗಿ ಕುದಿಸಿಕೊಳ್ಳತಕ್ಕದ್ದು.