ಪೆಟ್ರೋಲ್ ಕಾರುಗಳಿಗೆ ಬದಲಿ ಸ್ಪಾರ್ಕ್ ಪ್ಲಗ್ ಆಯ್ಕೆ: ವಾಹನ ಮಾಲೀಕರ ಮಾಹಿತಿಗಾಗಿ

ಪೆಟ್ರೋಲ್ ಕಾರಿನ ಎಂಜಿನ್‌ನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣಕ್ಕೆ ಕಿಡಿ ತಗುಲಿಸುವ ಕಾರ್ಯವನ್ನು ಸ್ಪಾರ್ಕ್ ಪ್ಲಗ್ ನಿರ್ವಹಿಸುತ್ತದೆ. ಇದು ಸವೆಯುವ ಬಿಡಿಭಾಗವಾಗಿರುವುದರಿಂದ ಕಾಲಕಾಲಕ್ಕೆ ಬದಲಾಯಿಸಬೇಕಾಗುತ್ತದೆ. ಹೀಗೆ ಬದಲಾಯಿಸುವಾಗ ಹಳೆಯ ಪ್ಲಗ್ ಇದ್ದ ಜಾಗದಲ್ಲಿ ಹೊಸದು ಕೂರುತ್ತದೆಯೇ ಎಂಬುದೊಂದನ್ನೇ ನೋಡಿ ಖರೀದಿಸುವ ರೂಢಿಯಿದೆ. ಆದರೆ ಕೂರುವ ಪ್ಲಗ್‌ಗಳೆಲ್ಲವೂ ಆ ಎಂಜಿನ್‌ಗೆ ಒಪ್ಪುವ ಪ್ಲಗ್‌ಗಳಲ್ಲ. ಡೀಸೆಲ್ ಎಂಜಿನ್‌ಗಳಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಅವುಗಳಲ್ಲಿರುವ ಗ್ಲೋ ಪ್ಲಗ್ ಬೇರೆಯೇ ಸಾಧನವಾಗಿದ್ದು, ಈ ಮಾಹಿತಿ ಅದಕ್ಕೆ ಅನ್ವಯಿಸುವುದಿಲ್ಲ.

ಬೀದರ ಜಿಲ್ಲೆಯ ಔರಾದ ತಾಲ್ಲೂಕಿನ ಎಕಂಬಾದಂತಹ ಗಡಿಭಾಗದ ಗ್ರಾಮಗಳ ವಾಹನ ಮಾಲೀಕರು ಈ ವಿಷಯದಲ್ಲಿ ಹೆಚ್ಚಿನ ಗಮನ ವಹಿಸುವುದು ಅಗತ್ಯ. ಬಿಡಿಭಾಗಗಳಿಗಾಗಿ ಇಂತಹ ಗ್ರಾಮಗಳವರು ಔರಾದ, ಭಾಲ್ಕಿ ಅಥವಾ ಬೀದರಕ್ಕೆ, ಇಲ್ಲವೇ ಗಡಿಯಾಚೆಯ ದೇಗಲೂರು, ಉದಗೀರಗಳಿಗೆ ಹೋಗಬೇಕಾಗುತ್ತದೆ. ಒಮ್ಮೆ ತಂದ ವಸ್ತು ತಪ್ಪಾಗಿದ್ದಲ್ಲಿ ಅದನ್ನು ಹಿಂದಿರುಗಿಸಲು ಇನ್ನೊಂದು ದಿನದ ಕೆಲಸ ಕೆಡುತ್ತದೆ. ಗ್ರಾಮದಲ್ಲಿರುವ ಒಂದೆರಡು ಕಾರುಗಳೇ ರಾತ್ರಿ ವೇಳೆ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಒದಗುವ ಸಂದರ್ಭಗಳಿರುತ್ತವೆ. ಅಂತಹ ಸಮಯದಲ್ಲಿ ಕಾರು ಚಾಲೂ ಆಗದಿದ್ದರೆ ಆಗುವ ತೊಂದರೆಯನ್ನು ಪ್ಲಗ್‌ನ ಬೆಲೆಯಿಂದ ಅಳೆಯಲಾಗದು.

ಪ್ಲಗ್ ಆಯ್ಕೆಯಲ್ಲಿ ಮೊದಲು ನೋಡತಕ್ಕದ್ದು ಅಳತೆ. ಥ್ರೆಡ್‌ನ ವ್ಯಾಸವು ಹಳೆಯ ಮಾದರಿಯ ಕಾರುಗಳಲ್ಲಿ ಸಾಮಾನ್ಯವಾಗಿ 14 ಮಿ.ಮೀ. ಇದ್ದು, ಇತ್ತೀಚಿನ ಹಲವು ಎಂಜಿನ್‌ಗಳಲ್ಲಿ 12 ಅಥವಾ 10 ಮಿ.ಮೀ. ಇರುತ್ತದೆ. ವ್ಯಾಸ ತಪ್ಪಿದ್ದರೆ ಪ್ಲಗ್ ಕೂರುವುದೇ ಇಲ್ಲ. ಆದ್ದರಿಂದ ಈ ತಪ್ಪು ಅಂಗಡಿಯಲ್ಲೇ ತಿಳಿಯುತ್ತದೆ. ತಿಳಿಯದೇ ಹೋಗುವುದು ಥ್ರೆಡ್‌ನ ಉದ್ದ. ಒಂದೇ ವ್ಯಾಸದ ಪ್ಲಗ್‌ಗಳು 12.7 ಮಿ.ಮೀ., 19 ಮಿ.ಮೀ. ಹಾಗೂ 26.5 ಮಿ.ಮೀ. ಉದ್ದಗಳಲ್ಲಿ ದೊರೆಯುತ್ತವೆ. ಅಗತ್ಯಕ್ಕಿಂತ ಉದ್ದವಾದ ಪ್ಲಗ್ ಹಾಕಿದಲ್ಲಿ ಅದರ ತುದಿ ದಹನ ಕೋಣೆಯೊಳಗೆ ಚಾಚಿಕೊಂಡು ಪಿಸ್ಟನ್‌ಗೆ ಅಥವಾ ವಾಲ್ವ್‌ಗೆ ತಾಗಬಹುದು. ಆಗ ಎಂಜಿನ್ ಬಿಚ್ಚದೆ ಗತ್ಯಂತರವಿರುವುದಿಲ್ಲ. ಗಿಡ್ಡದಾದ ಪ್ಲಗ್ ಹಾಕಿದರೆ ಕಿಡಿ ಒಳಸರಿದು ದಹನ ಕುಂಠಿತವಾಗುವುದಲ್ಲದೆ, ಖಾಲಿ ಉಳಿದ ಥ್ರೆಡ್‌ನಲ್ಲಿ ಮಸಿ ಕಟ್ಟಿಕೊಂಡು ಮುಂದೆ ಸರಿಯಾದ ಪ್ಲಗ್ ಇಳಿಯುವುದು ಕಷ್ಟವಾಗುತ್ತದೆ.

ಎರಡನೆಯದಾಗಿ ಉಷ್ಣ ಶ್ರೇಣಿ. ಮೆಕ್ಯಾನಿಕರು ಇದನ್ನು ಹೀಟ್ ರೇಂಜ್ ಎನ್ನುತ್ತಾರೆ. ಪ್ಲಗ್‌ನ ತುದಿಗೆ ತಗುಲಿದ ಶಾಖ ಎಷ್ಟು ಬೇಗ ಸಿಲಿಂಡರ್ ಹೆಡ್‌ಗೆ ಹರಿದುಹೋಗುತ್ತದೆ ಎಂಬುದನ್ನು ಇದು ಸೂಚಿಸುತ್ತದೆ. ಒಳಗಿನ ಪಿಂಗಾಣಿಯ ಮೂಗು ಉದ್ದವಿದ್ದರೆ ಶಾಖ ನಿಧಾನವಾಗಿ ಹರಿಯುತ್ತದೆ. ಅದು ಬಿಸಿ ಪ್ಲಗ್. ಮೂಗು ಗಿಡ್ಡವಿದ್ದರೆ ಅದು ತಂಪು ಪ್ಲಗ್. ತುದಿಯ ಉಷ್ಣಾಂಶ ಸುಮಾರು 450 ರಿಂದ 500 ಡಿಗ್ರಿ ಸೆಲ್ಸಿಯಸ್ ದಾಟಿದಾಗಲೇ ಅಂಟಿದ ಮಸಿ ಸುಟ್ಟು ಪ್ಲಗ್ ತಾನಾಗಿ ಶುಚಿಯಾಗುತ್ತದೆ. ಆದರೆ 850 ಡಿಗ್ರಿಗಿಂತ ಬಹಳ ಮೇಲೇರಿದರೆ ಕಿಡಿ ಬರುವ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ಕರಗುವವರೆಗೂ ಹೋಗಬಹುದು. ವಾಹನ ತಯಾರಕರು ಈ ಎರಡು ಮಿತಿಗಳ ನಡುವೆ ಪ್ಲಗ್ ಉಳಿಯುವಂತೆ ಶ್ರೇಣಿಯನ್ನು ನಿಗದಿಪಡಿಸಿರುತ್ತಾರೆ.

ಬೀದರ ಭಾಗದಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ದಾಟುವುದರಿಂದ ಇಲ್ಲಿಯ ಕಾರುಗಳಿಗೆ ತಂಪು ಪ್ಲಗ್ ಹಾಕಿಸುವುದು ಲೇಸು ಎಂಬ ಅಭಿಪ್ರಾಯ ಕೆಲವರಲ್ಲಿ ಇರಬಹುದು. ಇದು ಸರಿಯಲ್ಲ. ದಹನ ಕೋಣೆಯಲ್ಲಿ ಉರಿಯುವ ಅನಿಲದ ಉಷ್ಣಾಂಶ 2000 ಡಿಗ್ರಿ ಮೀರುತ್ತದೆ. ಹೊರಗಿನ ಬಿಸಿಲಿನಲ್ಲಿ ಹತ್ತಿಪ್ಪತ್ತು ಡಿಗ್ರಿ ಹೆಚ್ಚಾದರೂ ಶ್ರೇಣಿ ಬದಲಿಸುವಷ್ಟು ವ್ಯತ್ಯಾಸವಾಗುವುದಿಲ್ಲ. ಹೊಲಕ್ಕೆ, ಸಂತೆಗೆ ಎಂದು ನಿಧಾನವಾಗಿ, ಅಲ್ಪ ದೂರ ಓಡಾಡುವ ಗ್ರಾಮೀಣ ಕಾರಿಗೆ ತಂಪು ಪ್ಲಗ್ ಹಾಕಿದರೆ ಅದು ಶುಚಿಯಾಗುವ ಉಷ್ಣಾಂಶವನ್ನು ತಲುಪದೆ ಮಸಿ ಹಿಡಿದು ಬೆಳಗಿನ ಹೊತ್ತು ಚಾಲೂ ಆಗಲು ತಕರಾರು ಮಾಡುವ ಸಂಭವವೇ ಹೆಚ್ಚು.

ಪ್ಲಗ್‌ನ ಮೇಲೆ ಮುದ್ರಿತವಾದ ಸಂಕೇತದಲ್ಲಿ ಈ ಎಲ್ಲ ವಿವರಗಳು ಅಡಕವಾಗಿರುತ್ತವೆ. ಉದಾಹರಣೆಗೆ ಎನ್‌ಜಿಕೆ ಕಂಪನಿಯ ಬಿಪಿಆರ್6ಇಎಸ್ ಎಂಬ ಸಂಕೇತದಲ್ಲಿ ಬಿ ಎಂಬುದು 14 ಮಿ.ಮೀ. ವ್ಯಾಸವನ್ನು, ಪಿ ಎಂಬುದು ಮುಂದೆ ಚಾಚಿದ ಪಿಂಗಾಣಿಯನ್ನು, ಆರ್ ಎಂಬುದು ಒಳಗೆ ರೆಸಿಸ್ಟರ್ ಇರುವುದನ್ನು, 6 ಎಂಬುದು ಉಷ್ಣ ಶ್ರೇಣಿಯನ್ನು, ಇ ಎಂಬುದು 19 ಮಿ.ಮೀ. ಉದ್ದವನ್ನು ತಿಳಿಸುತ್ತದೆ. ಕೊನೆಗೆ 11 ಎಂದು ಸೇರಿದ್ದರೆ ಗ್ಯಾಪ್ 1.1 ಮಿ.ಮೀ. ಎಂದರ್ಥ. ಇವುಗಳಲ್ಲಿ ಆರ್ ಅಕ್ಷರವನ್ನು ಕಡೆಗಣಿಸುವಂತಿಲ್ಲ. ರೆಸಿಸ್ಟರ್ ಇಲ್ಲದ ಪ್ಲಗ್ ಹಾಕಿದಲ್ಲಿ ಕಿಡಿಯಿಂದ ಹೊರಡುವ ವಿದ್ಯುತ್ ಅಡಚಣೆಯು ರೇಡಿಯೊಗೆ ಮಾತ್ರವಲ್ಲದೆ ಎಂಜಿನ್ ನಿಯಂತ್ರಿಸುವ ಇಲೆಕ್ಟ್ರಾನಿಕ್ ಘಟಕಕ್ಕೂ ತೊಂದರೆ ಉಂಟುಮಾಡಬಹುದು.

ಒಂದು ಕಂಪನಿಯ ಅಂಕಿಯನ್ನು ಇನ್ನೊಂದರ ಅಂಕಿಯೊಡನೆ ನೇರವಾಗಿ ಹೋಲಿಸಬಾರದು. ಎನ್‌ಜಿಕೆ ಮತ್ತು ಡೆನ್ಸೊ ಪ್ಲಗ್‌ಗಳಲ್ಲಿ ಅಂಕಿ ಹೆಚ್ಚಿದಂತೆ ಪ್ಲಗ್ ತಂಪು. ಬಾಷ್ ಮತ್ತು ಚಾಂಪಿಯನ್‌ಗಳಲ್ಲಿ ಅಂಕಿ ಹೆಚ್ಚಿದಂತೆ ಬಿಸಿ. ಎನ್‌ಜಿಕೆಯ 6, ಡೆನ್ಸೊದ 20, ಬಾಷ್‌ನ 7 ಇವು ಸರಿಸುಮಾರು ಒಂದೇ ಶ್ರೇಣಿಯವು. ಕಂಪನಿ ಬದಲಿಸುವುದಾದರೆ ತಯಾರಕರ ಹೋಲಿಕೆ ಪಟ್ಟಿಯನ್ನು ನೋಡಿಯೇ ಬದಲಿಸತಕ್ಕದ್ದು. ನಮ್ಮ ರಾಜ್ಯದಲ್ಲಿ ಹಿರಿಯ ಮೆಕ್ಯಾನಿಕರು ‘ಮೈಕೋ ಪ್ಲಗ್’ ಎಂದೇ ಕೇಳುವುದುಂಟು. 1951ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ನಡೆಸಿದ ಮೈಕೋ ಸಂಸ್ಥೆಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಬದಲಾಯಿತು. ಹೆಸರು ಹೇಳಿ ಕೇಳಿದರೆ ಪ್ಲಗ್ ಸಿಗುತ್ತದೆ; ಸರಿಯಾದ ಪ್ಲಗ್ ಸಿಗಬೇಕಾದರೆ ಸಂಕೇತವನ್ನೇ ಹೇಳಬೇಕು.

ಹಳೆಯ ಪ್ಲಗ್‌ನ ಸಂಕೇತ ನೋಡಿ ಖರೀದಿಸಿದರೆ ಸಾಲದೇ ಎಂಬ ಪ್ರಶ್ನೆ ಬರಬಹುದು. ಮೊದಲಿನಿಂದ ಒಬ್ಬರದೇ ಆಗಿದ್ದ ಕಾರಿಗೆ ಸಾಲುತ್ತದೆ. ಆದರೆ ಹೈದರಾಬಾದ್ ಅಥವಾ ಮಹಾರಾಷ್ಟ್ರದಿಂದ ಸೆಕೆಂಡ್ ಹ್ಯಾಂಡ್ ಖರೀದಿಸಿ ತಂದ ಕಾರಿನಲ್ಲಿರುವ ಪ್ಲಗ್ ಹಿಂದಿನವರು ತಪ್ಪಾಗಿ ಹಾಕಿಸಿದ್ದೂ ಆಗಿರಬಹುದು. ಆದ್ದರಿಂದ ಮಾಲೀಕರ ಕೈಪಿಡಿಯಲ್ಲಿ ಇರುವುದನ್ನೇ ಅಧಿಕೃತವೆಂದು ಪರಿಗಣಿಸಬೇಕು. ಎಷ್ಟು ಪ್ಲಗ್ ಬೇಕೆಂಬುದನ್ನೂ ಅಲ್ಲಿಯೇ ನೋಡುವುದು ಒಳ್ಳೆಯದು. ಸಾಧಾರಣವಾಗಿ ಸಿಲಿಂಡರ್‌ಗೆ ಒಂದರಂತೆ ಮೂರು ಅಥವಾ ನಾಲ್ಕು ಬೇಕಾಗುತ್ತವೆ. ಆದರೆ ಹೋಂಡಾ ಸಿಟಿಯ ಹಳೆಯ ಐ-ಡಿಎಸ್ಐ ಎಂಜಿನ್‌ನಲ್ಲಿ ಸಿಲಿಂಡರ್‌ಗೆ ಎರಡರಂತೆ ಎಂಟು ಪ್ಲಗ್‌ಗಳಿವೆ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸತಕ್ಕದ್ದು.

ಸಾದಾ ನಿಕ್ಕಲ್ ಪ್ಲಗ್ ಮತ್ತು ದುಬಾರಿ ಇರಿಡಿಯಂ ಪ್ಲಗ್‌ಗಳಲ್ಲಿ ಯಾವುದು ಲಾಭದಾಯಕ ಎಂಬುದು ಲೆಕ್ಕದ ವಿಷಯ. ನಿಕ್ಕಲ್ 1455 ಡಿಗ್ರಿಯಲ್ಲಿ ಕರಗಿದರೆ ಇರಿಡಿಯಂ ಕರಗಲು 2400 ಡಿಗ್ರಿಗೂ ಹೆಚ್ಚು ಶಾಖ ಬೇಕು. ಆದುದರಿಂದ ಇರಿಡಿಯಂ ತುದಿ ನಿಧಾನವಾಗಿ ಸವೆದು ಹಲವು ಕಾರುಗಳಲ್ಲಿ ಒಂದು ಲಕ್ಷ ಕಿ.ಮೀ. ಆಸುಪಾಸು ಬಾಳುತ್ತದೆ, ನಿಕ್ಕಲ್ ಪ್ಲಗ್‌ನ ಆಯುಷ್ಯ ಅದರ ಅರ್ಧಕ್ಕಿಂತ ಕಡಿಮೆ. ಬೆಲೆಯನ್ನು ಓಡುವ ಕಿ.ಮೀ.ಗಳಿಂದ ಭಾಗಿಸಿದರೆ ಎರಡರ ನಡುವಿನ ಅಂತರ ಕಾಣುವಷ್ಟಿರುವುದಿಲ್ಲ. ಆದರೆ ವರ್ಷಕ್ಕೆ ಐದು ಸಾವಿರ ಕಿ.ಮೀ. ಓಡುವ ಕಾರು ಒಂದು ಲಕ್ಷ ಮುಟ್ಟಲು ಇಪ್ಪತ್ತು ವರ್ಷ ಬೇಕು. ಅಂತಹ ಕಾರಿಗೆ ತಯಾರಕರು ನಿಕ್ಕಲ್ ಪ್ಲಗ್ ಸೂಚಿಸಿದ್ದಲ್ಲಿ ಇರಿಡಿಯಂಗೆ ಹಣ ತೊಡಗಿಸುವ ಅಗತ್ಯವಿಲ್ಲ. ಇದಕ್ಕೆ ವಿರುದ್ಧವಾಗಿ, ಇರಿಡಿಯಂ ಸೂಚಿಸಿದ ಎಂಜಿನ್‌ಗೆ ಉಳಿತಾಯಕ್ಕೆಂದು ನಿಕ್ಕಲ್ ಪ್ಲಗ್ ಹಾಕಿಸಕೂಡದು.

ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಇರುವ ಕಾರುಗಳಲ್ಲಿ ಅನಿಲದ ಮಿಶ್ರಣವನ್ನು ಹೊತ್ತಿಸಲು ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ. ಸವೆದು ಗ್ಯಾಪ್ ಹಿಗ್ಗಿದ ಪ್ಲಗ್ ಪೆಟ್ರೋಲ್‌ನಲ್ಲಿ ಸರಿಯಾಗಿದ್ದರೂ ಅನಿಲಕ್ಕೆ ಬದಲಿಸಿದೊಡನೆ ಎಂಜಿನ್ ಜಗ್ಗುವುದು ಇದೇ ಕಾರಣಕ್ಕೆ. ಇಂತಹ ಕಾರುಗಳಿಗೆ ಕಿಟ್ ಅಥವಾ ಕಾರು ತಯಾರಕರು ಹೇಳಿದ ಗ್ಯಾಪ್ ಇರಿಸಬೇಕು. ಕಿಟ್ ಅಳವಡಿಕೆಯನ್ನು ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳುವುದು ಕಡ್ಡಾಯ ಎಂಬುದನ್ನೂ ಇಲ್ಲಿ ನೆನಪಿಸಲಾಗಿದೆ. ಶೇ. 20 ಎಥೆನಾಲ್ ಮಿಶ್ರಿತ ಪೆಟ್ರೋಲ್ ಬಳಕೆಗೆ ಬಂದಿದೆ ಎಂಬ ಕಾರಣಕ್ಕೆ ಮಾಲೀಕರು ಸ್ವಂತ ನಿರ್ಧಾರದಿಂದ ಪ್ಲಗ್‌ನ ಶ್ರೇಣಿ ಬದಲಾಯಿಸಬಾರದು.

ಅಳವಡಿಕೆಯನ್ನು ಎಂಜಿನ್ ತಣ್ಣಗಿರುವಾಗಲೇ ಮಾಡತಕ್ಕದ್ದು. ಮೊದಲಿಗೆ ಪಾನಾ ಬಳಸದೆ ಬೆರಳಿನಿಂದಲೇ ತಿರುಗಿಸಿ ಪೂರ್ಣ ಇಳಿಸಬೇಕು. ವಾಷರ್ ಇರುವ ಹೊಸ 14 ಮಿ.ಮೀ. ಪ್ಲಗ್ ಅನ್ನು ಅನಂತರ ಅರ್ಧದಿಂದ ಮೂರನೇ ಎರಡು ಸುತ್ತು ಬಿಗಿಗೊಳಿಸಿದರೆ ಸಾಕು. ವಾಷರ್ ಇಲ್ಲದ ಕೋನಾಕಾರದ ಪ್ಲಗ್‌ಗೆ ಹದಿನಾರನೇ ಒಂದು ಸುತ್ತೇ ಸಾಕಾಗುತ್ತದೆ. ಜೋರಾಗಿ ಬಿಗಿದಲ್ಲಿ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಹಾಳಾಗಿ ಪ್ಲಗ್‌ನ ನೂರಾರು ರೂಪಾಯಿ ಉಳಿಸಹೋದವರಿಗೆ ಸಾವಿರಾರು ರೂಪಾಯಿ ಖರ್ಚು ಬೀಳುತ್ತದೆ. ಇರಿಡಿಯಂ ಪ್ಲಗ್‌ನ ತುದಿ ಅರ್ಧ ಮಿ.ಮೀ. ಆಸುಪಾಸಿನಷ್ಟು ಸಣ್ಣದಾಗಿರುವುದರಿಂದ ಅದರ ಗ್ಯಾಪ್ ಅನ್ನು ತಟ್ಟಿ, ಬಗ್ಗಿಸಿ ಸರಿಪಡಿಸುವ ಪ್ರಯತ್ನ ಬೇಡ.

ಬಿಚ್ಚಿದ ಹಳೆಯ ಪ್ಲಗ್‌ಗಳನ್ನು ಸಿಲಿಂಡರ್‌ಗಳ ಕ್ರಮದಲ್ಲಿಯೇ ಇಟ್ಟು ನೋಡತಕ್ಕದ್ದು. ತುದಿ ತಿಳಿಕಂದು ಅಥವಾ ಬೂದು ಬಣ್ಣದಲ್ಲಿದ್ದರೆ ಎಂಜಿನ್ ಸುಸ್ಥಿತಿಯಲ್ಲಿದೆ. ಒಣ ಮಸಿ ಇದ್ದರೆ ಇಂಧನ ಹೆಚ್ಚಾಗಿ ಬರುತ್ತಿದೆ ಅಥವಾ ಗಾಳಿಯ ಫಿಲ್ಟರ್ ಕಟ್ಟಿದೆ; ಜಿಡ್ಡಿನ ಕಪ್ಪು ಇದ್ದರೆ ಆಯಿಲ್ ಒಳಸೇರುತ್ತಿದೆ; ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ಅತಿ ಶಾಖ. ಕೊನೆಯ ಎರಡು ಸಂದರ್ಭಗಳಲ್ಲಿ ಹೊಸ ಪ್ಲಗ್ ಹಾಕಿದರೂ ದೋಷ ಹೋಗುವುದಿಲ್ಲ.

ಕಿಡಿ ತಪ್ಪುವ ಎಂಜಿನ್‌ನಲ್ಲಿ ಉರಿಯದ ಪೆಟ್ರೋಲ್ ಹೊಗೆಕೊಳವೆಗೆ ಸೇರಿ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿದು ಅದನ್ನು ಸುಡುತ್ತದೆ. ವಾಯುಮಾಲಿನ್ಯ ತಪಾಸಣೆಯಲ್ಲಿ ಹೈಡ್ರೋಕಾರ್ಬನ್ ಪ್ರಮಾಣ ಮಿತಿ ಮೀರಲು ಇದೂ ಒಂದು ಕಾರಣ. ತಪಾಸಣೆಯಲ್ಲಿ ವಾಹನ ಅನುತ್ತೀರ್ಣವಾದಲ್ಲಿ ಮೊದಲು ಪ್ಲಗ್‌ಗಳನ್ನು ಪರಿಶೀಲಿಸಿ ನಂತರ ಮರುತಪಾಸಣೆಗೆ ಹಾಜರುಪಡಿಸುವುದು.

ನಕಲಿ ಪ್ಲಗ್‌ಗಳ ಬಗ್ಗೆ ಎಚ್ಚರವಿರಲಿ. ಪಿಂಗಾಣಿಯ ಮೇಲಿನ ಮುದ್ರಣ ಉಗುರಿಗೆ ಕಿತ್ತುಬಂದರೆ, ಥ್ರೆಡ್ ಒರಟಾಗಿದ್ದರೆ, ವಾಷರ್ ಸಡಿಲವಾಗಿ ಕಳಚಿ ಬಿದ್ದರೆ ಅಂತಹ ಪ್ಲಗ್ ಸ್ವೀಕರಿಸಬಾರದು. ಸಂಕೇತ ಸಂಖ್ಯೆ ನಮೂದಿಸಿದ ರಸೀದಿಯನ್ನು ಕೇಳಿ ಪಡೆಯತಕ್ಕದ್ದು. ರಸೀದಿ ಇದ್ದಲ್ಲಿ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ದಾಖಲಿಸಬಹುದಾಗಿದ್ದು, ಗಡಿಯಾಚೆಯ ಅಂಗಡಿಯಲ್ಲಿ ಖರೀದಿಸಿದ ಎಕಂಬಾದ ಗ್ರಾಹಕನಿಗೂ ಬೀದರದಲ್ಲಿ ಈ ಅವಕಾಶವಿದೆ. ದೂರವಾಣಿ ಮೂಲಕ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಅನ್ನು ಸಂಪರ್ಕಿಸಬಹುದು.