ಕಡಾಣಿ ಮತ್ತು ನಟ್ಟು

ಎತ್ತಿನ ಗಾಡಿಯ ಅಚ್ಚಿನ ತುದಿಯಲ್ಲಿ ಒಂದು ಸಣ್ಣ ಕಬ್ಬಿಣದ ಕೀಲು ಇರುತ್ತದೆ. ಅದಕ್ಕೆ ಕಡಾಣಿ ಎಂದು ಹೆಸರು. ಚಕ್ರವು ಜಾರಿ ಹೊರಬೀಳದಂತೆ ತಡೆಯುವುದಷ್ಟೇ ಅದರ ಕೆಲಸ. ಅದು ಯಾವುದನ್ನೂ ಬಿಗಿಯುವುದಿಲ್ಲ. ಮೋಟಾರು ಸೈಕಲ್ಲಿನ ಹಿಂದಿನ ಚಕ್ರದ ನಟ್ಟನ್ನೂ ಹಲವರು ಇಂಥದೇ ಕಡಾಣಿಯೆಂದು ಭಾವಿಸುತ್ತಾರೆ. ಈ ಭಾವನೆ ತಪ್ಪು.

ಬೆಂಗಳೂರು ದಂಡಿನ ಶಿವಾಜಿನಗರದಲ್ಲಿ ವಾಹನಗಳ ಬಿಡಿಭಾಗಗಳನ್ನು ಮಾರುವ ಅಂಗಡಿಗಳು ಬಹಳ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿಹೋದರೂ ಅಲ್ಲಿ ತಯಾರಾದ ಯೆಜ್ಡಿಗಳು ಇನ್ನೂ ನಗರದ ಬೀದಿಗಳಲ್ಲಿ ಕಾಣಸಿಗುತ್ತವೆ. ವಾಹನವು ಹಳೆಯದಿರಲಿ, ಹೊಸದಿರಲಿ, ಹಲಸೂರು ಇಂದಿರಾನಗರಗಳನ್ನು ದಾಟಿ ಹಳೆ ಮದರಾಸು ರಸ್ತೆಯಲ್ಲಿ ಕೆ.ಆರ್. ಪುರದತ್ತ ಸಾಗುವ ಸವಾರನ ಮತ್ತು ಅವನ ಹಿಂದೆ ಕುಳಿತವರ ಕ್ಷೇಮವು ಈ ನಟ್ಟಿನ ಬಿಗಿತವನ್ನು ಅವಲಂಬಿಸಿದೆ.

ನಟ್ಟನ್ನು ತಿರುಗಿಸಿದಂತೆ ಉಕ್ಕಿನ ಅಚ್ಚು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಹಿಗ್ಗಿದ ಅಚ್ಚು ಸ್ಪ್ರಿಂಗಿನಂತೆ ಮತ್ತೆ ಕುಗ್ಗಲೆಳಸಿ, ಚಕ್ರವನ್ನು ಹಿಡಿದ ಕವಲಿನ ಎರಡು ತೋಳುಗಳನ್ನೂ ಬೇರಿಂಗುಗಳ ಒಳಬಳೆಗಳನ್ನೂ ನಡುವಣ ಕೊಳವೆಯನ್ನೂ ಒಂದೇ ಸರಳಿನಂತೆ ಅದುಮಿ ಹಿಡಿಯುತ್ತದೆ. ಚಕ್ರವು ಹೊರಬಳೆಯೊಡನೆ ತಿರುಗುತ್ತದೆ, ಅಚ್ಚು ತಿರುಗುವುದಿಲ್ಲ. ಆದುದರಿಂದ ನಟ್ಟನ್ನು ಸರಿಯಾಗಿ ಬಿಗಿದರೆ ಚಕ್ರವು ತಿರುಗದೆ ನಿಲ್ಲುವುದೆಂಬ ಅಂಜಿಕೆಗೆ ಆಧಾರವಿಲ್ಲ. ಬಿಗಿತ ಸಾಲದಿದ್ದರೆ ಚೈನಿನ ಎಳೆತಕ್ಕೆ ಚಕ್ರವು ಓರೆಯಾಗುತ್ತದೆ. ಬಿಗಿತ ಅತಿಯಾದರೆ ಅಚ್ಚಿನ ಮರೆಗಳು ಹರಿದು, ನಟ್ಟು ಹಿಡಿತವನ್ನೇ ಕಳೆದುಕೊಳ್ಳುತ್ತದೆ.

ಹಾಗಾದರೆ ಎಷ್ಟು ಬಿಗಿಯಬೇಕು? ವಾಹನದ ಕೈಪಿಡಿಯಲ್ಲಿ ಇದನ್ನು ನ್ಯೂಟನ್ ಮೀಟರುಗಳಲ್ಲಿ ಕೊಟ್ಟಿರುತ್ತಾರೆ. ಕೈಪಿಡಿಯು 70 ನ್ಯೂಟನ್ ಮೀಟರ್ ಎಂದು ಹೇಳಿದೆಯೆನ್ನೋಣ. 25 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ 280 ನ್ಯೂಟನ್ ಬಲ, ಅಂದರೆ ಸುಮಾರು 28 ಕಿಲೋಗ್ರಾಂ ತೂಕದಷ್ಟು ಬಲ ಹಾಕಿದರೆ ಆ ಅಳತೆ ಮುಟ್ಟುತ್ತದೆ. ಸ್ಪ್ಯಾನರಿಗೆ ಕೊಳವೆ ಸಿಕ್ಕಿಸಿ ಉದ್ದವನ್ನು ಇಮ್ಮಡಿಸಿ ಅಷ್ಟೇ ಬಲ ಹಾಕಿದರೆ 140 ಆಗುತ್ತದೆ! ತೋಳಿಗೆ ಈ ವ್ಯತ್ಯಾಸ ತಿಳಿಯದು. ಟಾರ್ಕ್ ರೆಂಚ್ ಎಂಬ ಉಪಕರಣಕ್ಕೆ ತಿಳಿಯುತ್ತದೆ. ಇನ್ನೊಂದು ಸಂಗತಿಯೂ ಉಂಟು. ಹಾಕಿದ ಶ್ರಮದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಅಚ್ಚನ್ನು ಹಿಗ್ಗಿಸುತ್ತದೆ. ಮಿಕ್ಕುದೆಲ್ಲ ಘರ್ಷಣೆಗೆ ವ್ಯಯವಾಗುತ್ತದೆ. ಮರೆಗಳಿಗೆ ಎಣ್ಣೆ ಸವರಿದರೆ ಘರ್ಷಣೆ ತಗ್ಗಿ, ಅದೇ ಅಳತೆಯಲ್ಲಿ ಅಚ್ಚು ಹೆಚ್ಚು ಹಿಗ್ಗುತ್ತದೆ. ಆದಕಾರಣ ಎಣ್ಣೆಯ ವಿಷಯದಲ್ಲಿಯೂ ಕೈಪಿಡಿಯ ಮಾತನ್ನೇ ನಡೆಸಬೇಕು.

ಚೈನಿನ ಸಡಿಲವನ್ನು ಸರಿಪಡಿಸುವಾಗ ಮೊದಲು ಈ ನಟ್ಟನ್ನು ತುಸು ಸಡಿಲಿಸಿ, ಎರಡೂ ಬದಿಯ ಗುರುತುಗಳು ಸಮನಾಗುವಂತೆ ಚಕ್ರವನ್ನು ಸರಿಸಬೇಕು. ಅಚ್ಚಿನ ಇನ್ನೊಂದು ತುದಿಯನ್ನು ಬೇರೊಂದು ಸ್ಪ್ಯಾನರಿನಿಂದ ಹಿಡಿದು, ಬಳಿಕ ನಟ್ಟನ್ನು ಬಿಗಿಯಬೇಕು. ಬಿಗಿಯುವಾಗ ಚಕ್ರವು ಸ್ವಲ್ಪ ಕದಲುವುದುಂಟು; ಆದ್ದರಿಂದ ಚೈನನ್ನು ಮತ್ತೊಮ್ಮೆ ನೋಡುವುದು ಅವಶ್ಯ.

ಕೆಲವು ವಾಹನಗಳಲ್ಲಿ ನಟ್ಟಿನ ಸೀಳಿನ ಮೂಲಕ ಸ್ಪ್ಲಿಟ್ ಪಿನ್ ತೂರಿಸುತ್ತಾರೆ. ಸೀಳೂ ತೂತೂ ಒಂದೇ ನೇರಕ್ಕೆ ಬಾರದಿದ್ದರೆ ನಟ್ಟನ್ನು ಹಿಂದಕ್ಕೆ ತಿರುಗಿಸದೆ, ಮುಂದಿನ ಸೀಳಿಗೆ ಬೇಕಾದಷ್ಟು ಮಾತ್ರ ಮುಂದಕ್ಕೆ ತಿರುಗಿಸುವುದು ವಾಡಿಕೆ. ಬಗ್ಗಿಸಿ ತೆಗೆದ ಹಳೆಯ ಪಿನ್ನನ್ನು ಮತ್ತೆ ಬಳಸಬಾರದು. ಗಾಡಿಯ ಕಡಾಣಿಗೆ ಸಾಟಿಯಾದುದು ನಟ್ಟಲ್ಲ, ಈ ಪಿನ್ನು: ನಟ್ಟು ಕಳಚಿ ಬೀಳದಂತೆ ಇದು ತಡೆಯುತ್ತದೆ, ಸಡಿಲವಾದ ನಟ್ಟನ್ನು ಬಿಗಿಯಲಾರದು.