ನಗಿಸಿದವರ ಗಲ್ಲಾದಲ್ಲಿ ಉಳಿದದ್ದೆಷ್ಟು?

ಅಂಗಡಿಯಲ್ಲಿ ನಿಂತು ದುಡಿಯುವುದು ಅವಮಾನವೇ ಸ್ವಾಮಿ? ಪೇಟೆ ಬೀದಿಯ ಯಾರನ್ನಾದರೂ ಹೀಗೆ ಕೇಳಿ ನೋಡಿ, 'ಏನ್ರೀ ಮಾತು ಅಂತ ಆಡ್ತೀರಿ?' ಎಂದು ಗದರಿಯಾರು. ಆದರೆ 2018ರಲ್ಲಿ ಅಮೆರಿಕದಂಥ ಅಮೆರಿಕದಲ್ಲೇ ಇದೊಂದು ದೊಡ್ಡ ಸುದ್ದಿಯಾಯಿತು.

ನ್ಯೂಜೆರ್ಸಿಯ ಕ್ಲಿಫ್ಟನ್ ಎಂಬ ಊರು. ಅಲ್ಲಿ ಟ್ರೇಡರ್ ಜೋಸ್ ಎಂಬ ದಿನಸಿ ಅಂಗಡಿ. ಬಿಲ್ ಹಾಕುವ ಕಟ್ಟೆಯ ಹಿಂದೆ ನಿಂತು ಗಿರಾಕಿಗಳ ಸಾಮಾನನ್ನು ಚೀಲಕ್ಕೆ ತುಂಬಿಕೊಡುತ್ತಿದ್ದ ನರೆಗಡ್ಡದ ಮನುಷ್ಯನ ಫೋಟೋವನ್ನು ಗಿರಾಕಿಯೊಬ್ಬರು ತೆಗೆದರು. ಫೋಟೋ ಪೇಪರಿಗೆ ಹೋಯಿತು. 'ಆಗ ಟಿ.ವಿ. ತಾರೆ, ಈಗ ಚೀಲ ತುಂಬುವವ' ಎಂಬ ಧಾಟಿಯಲ್ಲಿ ಸುದ್ದಿ ಬಂತು. ಆ ಮನುಷ್ಯನ ಹೆಸರು ಜೆಫ್ರಿ ಓವೆನ್ಸ್. 1984ರಿಂದ 1992ರವರೆಗೆ ಅಮೆರಿಕದ ಮನೆಮನೆಯಲ್ಲೂ ನಗೆಯ ಹೊಳೆ ಹರಿಸಿದ 'ದಿ ಕಾಸ್ಬಿ ಷೋ' ಎಂಬ ಹಾಸ್ಯ ಧಾರಾವಾಹಿಯಲ್ಲಿ ಹಿರಿ ಮಗಳ ಗಂಡನ, ಅಂದರೆ ಮನೆ ಅಳಿಯನ ಪಾತ್ರ ಮಾಡಿದವರು. ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿದವರು, ಷೇಕ್ಸ್‌ಪಿಯರ್ ನಾಟಕ ಆಡಿಸುವವರು, ನಟನೆ ಕಲಿಸುವ ಮೇಷ್ಟ್ರು. ಹಾದಿಬೀದಿಯ ಆಸಾಮಿ ಅಲ್ಲ.

ಹಾಗಾದರೆ ಅಂಗಡಿಗೆ ಯಾಕೆ ಸೇರಿದರು? ಅವರೇ ಹೇಳಿದ ಕಾರಣ ಸರಳ. ನಟನೆಯ ಕೆಲಸ ಬರುವುದು ಇಂದು, ಹೋಗುವುದು ನಾಳೆ. ಸಂಸಾರ ಮಾತ್ರ ದಿನಾ ಇರುತ್ತದೆ. ನಟನೆಯ ಪರೀಕ್ಷೆಗೆ ಕರೆ ಬಂದಾಗ ರಜೆ ಸಿಗುವಂಥ ಕೆಲಸ ಬೇಕಾಗಿತ್ತು. ಹದಿನೈದು ತಿಂಗಳು ಅಲ್ಲಿ ದುಡಿದಿದ್ದರು. ಇನ್ನೊಂದು ಪೆಟ್ಟೂ ಬಿದ್ದಿತ್ತು. ಅಲ್ಲಿ ಹಳೆಯ ಧಾರಾವಾಹಿ ಮತ್ತೆ ಪ್ರಸಾರವಾದಾಗಲೆಲ್ಲ ನಟರಿಗೆ ಒಂದಿಷ್ಟು ಹಣ ಬರುವ ಕರಾರು ಇದೆ. ನಮ್ಮಲ್ಲಿ ಮಳಿಗೆ ಕಟ್ಟಿಸಿದವರಿಗೆ ತಿಂಗಳ ಬಾಡಿಗೆ ಬರುವ ಹಾಗೆ ಅನ್ನಿ. 2014ರಲ್ಲಿ ಧಾರಾವಾಹಿಯ ನಾಯಕ ಬಿಲ್ ಕಾಸ್ಬಿಯ ಮೇಲೆ ಹೆಂಗಸರು ಸಾಲುಸಾಲಾಗಿ ದೂರು ಹೇಳತೊಡಗಿದಾಗ ಚಾನೆಲ್‌ಗಳು ಮರುಪ್ರಸಾರ ನಿಲ್ಲಿಸಿದವು. ತಪ್ಪಿನ ಆರೋಪ ಮಾವನ ಮೇಲೆ, ಬಾಡಿಗೆ ನಿಂತದ್ದು ಅಳಿಯನದ್ದು!

ಮುಂದೆ ನಡೆದದ್ದು ಕೇಳಿ. ಆಡಿಕೊಂಡವರ ಮೇಲೆ ಜನವೇ ತಿರುಗಿಬಿದ್ದರು. ನಟನಟಿಯರು 'ನಾವೂ ಹೋಟೆಲಲ್ಲಿ ತಟ್ಟೆ ಎತ್ತಿದ್ದೇವೆ, ನಾವೂ ಅಂಗಡಿಯಲ್ಲಿ ನಿಂತಿದ್ದೇವೆ' ಎಂದು ಬರೆದರು. ಓವೆನ್ಸ್ ಆ ಅಂಗಡಿಯ ಹೆಸರಿನ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಂಡೇ ಟಿ.ವಿ. ಸಂದರ್ಶನಕ್ಕೆ ಬಂದರು. ಯಾವ ಕೆಲಸವೂ ಇನ್ನೊಂದಕ್ಕಿಂತ ಮೇಲಲ್ಲ, ಕನಿಕರಕ್ಕೆ ಪಾತ್ರ ಕೊಡಬೇಡಿ, ಪರೀಕ್ಷೆಗೆ ಕರೆಯಿರಿ ಸಾಕು ಎಂಬ ಅರ್ಥದ ಮಾತಾಡಿದರು. ಹಾಡುಗಾರ್ತಿ ನಿಕಿ ಮಿನಾಜ್ 25,000 ಡಾಲರ್ ಕಳಿಸಿದರೆ ಅದನ್ನು ಕಷ್ಟದಲ್ಲಿರುವ ಕಲಾವಿದರ ನಿಧಿಗೆ ದಾಟಿಸಿಬಿಟ್ಟರು. ಗಂಡಸು ಅಂದರೆ ಹೀಗಿರಬೇಕು ನೋಡಿ! ಆ ಮೇಲೆ ಟೈಲರ್ ಪೆರ್ರಿ ತಮ್ಮ ಧಾರಾವಾಹಿಯಲ್ಲಿ ಪಾತ್ರ ಕೊಟ್ಟರು.

ಶುಕ್ರವಾರ ರಾತ್ರಿಯ ನಗು

ಇದನ್ನು ಓದುತ್ತಿದ್ದಂತೆ ನೆನಪು ಓಡುವುದು ನಮ್ಮದೇ ದೂರದರ್ಶನದ ಕಡೆಗೆ. ಕಾಸ್ಬಿ ಅಲ್ಲಿ ಶುರುವಾದ ಅದೇ 1984ರಲ್ಲಿ ಇಲ್ಲಿ 'ಯೇ ಜೋ ಹೈ ಜಿಂದಗಿ' ಶುರುವಾಯಿತು. ಶುಕ್ರವಾರ ರಾತ್ರಿ. ಬೀದಿಗೊಂದು ಟಿ.ವಿ. ಇದ್ದ ಕಾಲ. ಟಿ.ವಿ. ಇದ್ದ ಮನೆಯವರಿಗೆ ಆ ರಾತ್ರಿ ಚಾಪೆ ಹಾಸಿ ಸಾಕಾಗುತ್ತಿತ್ತು. ಹಿಂದಿ ಅರ್ಧಂಬರ್ಧ ಬರುತ್ತಿದ್ದವರೂ ಪೂರ್ತಿ ನಗುತ್ತಿದ್ದರು. ಕುಂದನ್ ಶಾ ಮತ್ತು ಸಂಗಡಿಗರ ನಿರ್ದೇಶನ, ಶರದ್ ಜೋಶಿ ಅವರ ಬರವಣಿಗೆ, ಶೀರ್ಷಿಕೆ ಗೀತೆಗೆ ಕಿಶೋರ್ ಕುಮಾರ್ ಕಂಠ. ಗಂಡನಾಗಿ ಶಫಿ ಇನಾಮ್‌ದಾರ್, ಹೆಂಡತಿಯಾಗಿ ಸ್ವರೂಪ್ ಸಂಪತ್, ಕೆಲಸವಿಲ್ಲದ ಭಾವಮೈದುನನಾಗಿ ರಾಕೇಶ್ ಬೇಡಿ. ನಾಲ್ಕನೆಯವರು ಸತೀಶ್ ಶಾ. ಅವರಿಗೆ ನಿಗದಿಯಾದ ಪಾತ್ರವೇ ಇಲ್ಲ! ಒಂದು ವಾರ ಒಂದು ವೇಷ, ಮುಂದಿನ ವಾರ ಇನ್ನೊಂದು. ಹೀಗೆ ಐವತ್ತಕ್ಕೂ ಮೇಲ್ಪಟ್ಟು ವೇಷ ಹಾಕಿದರು.

ಈ ನಾಲ್ವರ ಬಾಳು ಮುಂದೆ ನಾಲ್ಕು ದಿಕ್ಕಿಗೆ ಹೋಯಿತು.

ಶಫಿ ಇನಾಮ್‌ದಾರ್ ರಂಗಭೂಮಿಯ ಪಳಗಿದ ಕೈ. 1983ರ 'ಅರ್ಧಸತ್ಯ'ದಲ್ಲಿ ಓಂ ಪುರಿಯ ಜೊತೆಗಿದ್ದ ಪೊಲೀಸ್ ಅಧಿಕಾರಿ ಇವರೇ. 1995ರಲ್ಲಿ 'ಹಮ್ ದೋನೋ' ಎಂಬ ಸಿನಿಮಾ ನಿರ್ದೇಶಿಸಿದರು. 1996ರ ಮಾರ್ಚ್ 13ನ್ನು ಕ್ರಿಕೆಟ್ ಹುಚ್ಚಿನವರು ಮರೆತಿರಲಾರರು. ವಿಶ್ವಕಪ್ ಸೆಮಿಫೈನಲ್, ಕಲ್ಕತ್ತೆಯಲ್ಲಿ ಶ್ರೀಲಂಕಾ ಎದುರು ನಮ್ಮವರು ಪಟಪಟನೆ ಉದುರಿ, ಪ್ರೇಕ್ಷಕರು ಬಾಟಲಿ ಎಸೆದು, ಕಾಂಬ್ಳಿ ಅಳುತ್ತಾ ಹೊರನಡೆದ ದಿನ. ಅದೇ ದಿನ ಇನಾಮ್‌ದಾರ್ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಬರೀ ಐವತ್ತು.

ಸ್ವರೂಪ್ ಸಂಪತ್ 1979ರ ಮಿಸ್ ಇಂಡಿಯಾ. ನಟ ಪರೇಶ್ ರಾವಲ್ ಅವರನ್ನು ಮದುವೆಯಾದರು. ಕಲಿಕೆಯಲ್ಲಿ ಹಿಂದುಳಿಯುವ ಮಕ್ಕಳಿಗೆ ನಾಟಕದ ಮೂಲಕ ಪಾಠ ಹೇಳುವುದು ಹೇಗೆ ಎಂಬುದರ ಮೇಲೆ ಇಂಗ್ಲೆಂಡಿನ ವೂಸ್ಟರ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಮೇಷ್ಟ್ರುಗಳಿಗೆ ತರಬೇತಿ ಕೊಡುವ ಕೆಲಸಕ್ಕೆ ಇಳಿದರು.

ಸತೀಶ್ ಶಾ ಅವರದು ಇನ್ನೊಂದು ಕಥೆ. ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು. 1983ರ 'ಜಾನೇ ಭಿ ದೋ ಯಾರೋ' ಚಿತ್ರದಲ್ಲಿ ಅವರದು ಡಿಮೆಲ್ಲೊ ಎಂಬ ಕಮಿಷನರ್ ಪಾತ್ರ. ಬದುಕಿರುವುದು ಸ್ವಲ್ಪ ಹೊತ್ತು, ಮಿಕ್ಕಿದ್ದೆಲ್ಲ ಹೆಣ! ಹೆಣಕ್ಕೆ ಸೀರೆ ಉಡಿಸಿ ಮಹಾಭಾರತ ನಾಟಕದ ರಂಗದ ಮೇಲೆ ದ್ರೌಪದಿ ಮಾಡಿ ನಿಲ್ಲಿಸುವ ದೃಶ್ಯ ನೋಡಿ ಹೊಟ್ಟೆ ಹಿಡಿದುಕೊಂಡು ನಗದವರಿಲ್ಲ. ಕಣ್ಣು ಮಿಟುಕಿಸದೆ, ಉಸಿರು ಕಾಣದ ಹಾಗೆ ಹೆಣವಾಗುವುದು ಸುಲಭದ ಕೆಲಸವಲ್ಲ ಸ್ವಾಮಿ. ಮಾತಾಡಿ ನಗಿಸುವವರು ನೂರು ಜನ ಸಿಗುತ್ತಾರೆ.

2004ರಲ್ಲಿ ಅವರಿಗೆ 'ಸಾರಾಭಾಯಿ ವರ್ಸಸ್ ಸಾರಾಭಾಯಿ'ಯ ಇಂದ್ರವದನ ಪಾತ್ರ ಸಿಕ್ಕಿತು. ಹೆಂಡತಿಗೂ ಮಗನಿಗೂ ಕೀಟಲೆ ಮಾಡುವ ಶ್ರೀಮಂತ ಮುದುಕ. ತಮಾಷೆ ಏನೆಂದರೆ, ಆಗ ಅದನ್ನು ನೋಡುವವರೇ ಕಡಿಮೆ. ಎರಡು ವರ್ಷಕ್ಕೆ ಮುಚ್ಚಿತು. ಮುಚ್ಚಿದ ಮೇಲೆ ಮರುಪ್ರಸಾರದಲ್ಲಿ, ಆಮೇಲೆ ಮೊಬೈಲುಗಳಲ್ಲಿ ಹುಡುಗರು ನೋಡೀ ನೋಡೀ ಹುಚ್ಚೆದ್ದರು. 2017ರಲ್ಲಿ ಮತ್ತೆ ಹೊಸ ಕಂತು ಮಾಡಬೇಕಾಯಿತು. ಸೀಸನ್ ಮುಗಿದ ಮೇಲೆ ಮಾಲಿಗೆ ಗಿರಾಕಿ ಬಂದ ಹಾಗೆ! 2025ರ ಅಕ್ಟೋಬರ್ 25ರಂದು, 74ನೇ ವಯಸ್ಸಿನಲ್ಲಿ ಸತೀಶ್ ಶಾ ತೀರಿಕೊಂಡಾಗ, ಅಂತ್ಯಕ್ರಿಯೆಗೆ ಬಂದಿದ್ದ ಆ ಧಾರಾವಾಹಿಯ ಬಳಗ ಅಳುತ್ತಲೇ ಅದರ ಶೀರ್ಷಿಕೆ ಗೀತೆಯನ್ನು ಹಾಡಿ ಕಳಿಸಿಕೊಟ್ಟಿತು.

ಇನ್ನು ರಾಕೇಶ್ ಬೇಡಿ. ಇವರದ್ದು ನಿಂತ ನೀರಲ್ಲ. 1981ರ 'ಚಶ್ಮೆ ಬದ್ದೂರ್', ಆಮೇಲೆ ಭಾವಮೈದುನ, 1994ರಿಂದ 'ಶ್ರೀಮಾನ್ ಶ್ರೀಮತಿ'ಯಲ್ಲಿ ಸಿನಿಮಾ ತಾರೆಯ ಬಡಪಾಯಿ ಗಂಡ. ಆ ಧಾರಾವಾಹಿಯಲ್ಲಿ ಪಕ್ಕದ ಮನೆಯ ಕೇಶವ ಕುಲಕರ್ಣಿ ಆಗಿದ್ದ ಜತಿನ್ ಕನಕಿಯಾ 1999ರಲ್ಲಿ ಕ್ಯಾನ್ಸರ್‌ಗೆ ಬಲಿಯಾದರು. ಅವರ ಹೆಂಡತಿಯ ಪಾತ್ರ ಮಾಡಿದ್ದ ರೀಮಾ ಲಾಗೂ 2017ರಲ್ಲಿ ಹೋದರು. ಬೇಡಿ ಮಾತ್ರ ಟಿ.ವಿ.ಯಲ್ಲಿ ಕೆಲಸ ಇದ್ದರೂ ಇಲ್ಲದಿದ್ದರೂ ನಾಟಕ ಬಿಡಲಿಲ್ಲ. 'ಮಸಾಜ್' ಎಂಬ ಏಕವ್ಯಕ್ತಿ ನಾಟಕದಲ್ಲಿ ಒಬ್ಬರೇ ನಿಂತು ಇಪ್ಪತ್ತನಾಲ್ಕು ಜನರಾಗುತ್ತಾರೆ. 2025ರ ಡಿಸೆಂಬರಿನಲ್ಲಿ 'ಧುರಂಧರ್' ಸಿನಿಮಾ ಬಂತಲ್ಲ, ಅದರಲ್ಲಿ ಜಮೀಲ್ ಜಮಾಲಿ ಎಂಬ ಕಪಟಿ ರಾಜಕಾರಣಿಯಾಗಿ ಕಂಡವರು ಇದೇ ಭಾವಮೈದುನ. 71 ದಾಟಿದ ಮೇಲೆ ಹೊಸ ಹುಡುಗರ ಬಾಯಲ್ಲಿ ಹೆಸರು!

ಮೂರು ತಿಂಗಳ ಉದ್ರಿ

ಹೆಸರು ಸರಿ, ದುಡ್ಡಿನ ಲೆಕ್ಕ ಏನು? ಅಂಗಡಿಯವರಿಗೆ ತಟ್ಟನೆ ಅರ್ಥವಾಗುವ ವಿಷಯ ಇದು.

ಮುಂಬಯಿಯ ಟಿ.ವಿ. ಧಂಧೆಯಲ್ಲಿ ನಟನಿಗೆ ದಿನದ ಲೆಕ್ಕದಲ್ಲಿ ಸಂಭಾವನೆ. ಇವತ್ತು ಬೆಳಿಗ್ಗೆಯಿಂದ ರಾತ್ರಿವರೆಗೆ ಬಣ್ಣ ಹಚ್ಚಿ ನಿಂತರೆ ಅದರ ದುಡ್ಡು ಕೈಗೆ ಬರುವುದು ತೊಂಬತ್ತು ದಿನದ ಮೇಲೆ. ಇದು ಅಲ್ಲಿ ವರ್ಷಾನುಗಟ್ಟಲೆಯಿಂದ ಬಂದ ರೂಢಿ. ನಾವು ಕಿರಾಣಿ ಅಂಗಡಿಯಲ್ಲಿ ಬೋರ್ಡು ಹಾಕುತ್ತೇವೆ, 'ಇಂದು ನಗದು ನಾಳೆ ಉದ್ರಿ' ಎಂದು. ಅಲ್ಲಿ ಬೋರ್ಡು ತಿರುಗಾಮುರುಗಾ! ನಡುವೆ ಧಾರಾವಾಹಿ ನಿಂತುಹೋದರೆ, ನಿರ್ಮಾಪಕ ಕೈಯೆತ್ತಿದರೆ, ಬಾಕಿ ವಸೂಲಿಗೆ ಕಲಾವಿದರ ಸಂಘದ ಮೆಟ್ಟಿಲು ಹತ್ತಬೇಕು. 2020ರ ಲಾಕ್‌ಡೌನಿನಲ್ಲಿ ಶೂಟಿಂಗ್ ಬಂದ್ ಆದಾಗ ಈ ಮೂರು ತಿಂಗಳ ಉದ್ರಿಯ ಬಿಸಿ ಏನೆಂದು ಸಣ್ಣ ಪಾತ್ರಧಾರಿಗಳಿಗೆ ಚೆನ್ನಾಗಿ ಮುಟ್ಟಿತು. ಅದೇ ಹೊತ್ತಿನಲ್ಲಿ ದೂರದರ್ಶನ 'ಶ್ರೀಮಾನ್ ಶ್ರೀಮತಿ', 'ದೇಖ್ ಭಾಯಿ ದೇಖ್' ಮೊದಲಾದ ಹಳೆ ಸರಕನ್ನು ಹೊರತೆಗೆದು ಮತ್ತೆ ತೋರಿಸುತ್ತಿತ್ತು. ಮನೆಯಲ್ಲಿ ಕೂತ ಜನ ನೋಡಿ ನಕ್ಕರು. ಆಗ ಜತಿನ್ ಕನಕಿಯಾ ಹೋಗಿ ಇಪ್ಪತ್ತು ವರ್ಷ ಕಳೆದಿತ್ತು.

ಕಾನೂನು ಇಲ್ಲ ಅಂತೇನಿಲ್ಲ. 2012ರಲ್ಲಿ ಕಾಪಿರೈಟ್ ಕಾಯಿದೆಗೆ ತಿದ್ದುಪಡಿಯಾಗಿ, ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದರೆ ಕಲಾವಿದರಿಗೂ ರಾಯಧನ ಸಲ್ಲಬೇಕು ಎಂದು ಬರೆದಿದ್ದಾರೆ. ಹಾಡುಗಾರರು ಮರುವರ್ಷವೇ ಸಂಘ ಕಟ್ಟಿಕೊಂಡು ವಸೂಲಿಗೆ ಇಳಿದರು. ಧಾರಾವಾಹಿ ನಟರು ಹಾಗೆ ಒಟ್ಟಾಗಿ ಪಟ್ಟು ಹಿಡಿದದ್ದು ಎಲ್ಲಿ? ಒಬ್ಬ ಹೆಚ್ಚು ಕೇಳಿದರೆ ಅವನ ಪಾತ್ರವನ್ನು ಅಪಘಾತದಲ್ಲಿ ಸಾಯಿಸಿ ಫೋಟೋಗೆ ಹಾರ ಹಾಕಿದರಾಯಿತು, ಕಥೆ ಮುಂದುವರಿಯುತ್ತದೆ.

ಒಟ್ಟಾದರೆ ಏನಾಗುತ್ತದೆ ಎಂಬುದಕ್ಕೂ ಅಮೆರಿಕದಲ್ಲೇ ಸಾಕ್ಷಿ ಇದೆ. 1994ರಲ್ಲಿ ಶುರುವಾದ 'ಫ್ರೆಂಡ್ಸ್'ನ ಆರು ಜನ. ಮೊದಲ ವರ್ಷ ಕಂತಿಗೆ ಸುಮಾರು 22,500 ಡಾಲರ್. ಆಮೇಲೆ ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ ಎಂಬ ತಾರತಮ್ಯ ಬಂತು. ಹೆಚ್ಚು ಸಿಗುತ್ತಿದ್ದವರಲ್ಲೊಬ್ಬರಾದ ಡೇವಿಡ್ ಷ್ವಿಮ್ಮರ್ ಅವರೇ 'ಆರೂ ಜನ ಒಂದೇ ರೇಟು ಕೇಳೋಣ' ಎಂದರು. ತನ್ನ ತಟ್ಟೆಯ ತುಪ್ಪ ಬಿಟ್ಟುಕೊಡುವವರು ಎಷ್ಟು ಜನ ಸಿಕ್ಕಾರು? ಆರೂ ಜನ ಒಂದೇ ಮಾತಿಗೆ ಕೂತರು. ಕೊನೆಯ ಎರಡು ವರ್ಷ ತಲಾ ಕಂತಿಗೆ ಹತ್ತು ಲಕ್ಷ ಡಾಲರ್! ಮೇಲೆ ಮರುಪ್ರಸಾರದ ಪಾಲು ಬೇರೆ. ದುಡ್ಡು ಎಲ್ಲವನ್ನೂ ಗುಣ ಮಾಡಲಿಲ್ಲ ಎನ್ನಿ. ಆರು ಜನರಲ್ಲಿ ಒಬ್ಬರಾದ ಮ್ಯಾಥ್ಯೂ ಪೆರ್ರಿ ವರ್ಷಗಟ್ಟಲೆ ಮಾದಕ ವಸ್ತುವಿನ ಚಟದ ಜೊತೆ ಗುದ್ದಾಡಿ 2023ರ ಅಕ್ಟೋಬರಿನಲ್ಲಿ, 54ಕ್ಕೇ ಹೋಗಿಬಿಟ್ಟರು.

ದುಡ್ಡು ಬಂದೂ ದಕ್ಕದ ಹುಡುಗನ ಕಥೆಯೂ ಇದೆ. 'ಡಿಫ್ರೆಂಟ್ ಸ್ಟ್ರೋಕ್ಸ್'ನ ಗ್ಯಾರಿ ಕೋಲ್ಮನ್. ಕಿಡ್ನಿ ಕಾಯಿಲೆಯಿಂದ ಎತ್ತರ ಬೆಳೆಯದ ಆ ಪೋರ ಹತ್ತು ವರ್ಷಕ್ಕೇ ದೇಶದ ಕಣ್ಮಣಿ. ಸಂಪಾದನೆ ಎಲ್ಲಿ ಹೋಯಿತೆಂದು ದೊಡ್ಡವನಾದ ಮೇಲೆ ಹೆತ್ತವರ ಮೇಲೇ ದಾವೆ ಹೂಡಿ 1993ರಲ್ಲಿ ಗೆದ್ದ. ಆದರೂ 1999ರಲ್ಲಿ ದಿವಾಳಿ ಅರ್ಜಿ. ನಡುವೆ ಕಾವಲುಗಾರನ ಕೆಲಸವನ್ನೂ ಮಾಡಿದ. 2010ರಲ್ಲಿ, 42ರಲ್ಲಿ ತೀರಿಹೋದ.

ಹೆಸರೇ ಬದಲಾದವರು

ನಮ್ಮ ಕನ್ನಡದಲ್ಲಿ? ಇಲ್ಲಿ ಕೋಟಿ ಲೆಕ್ಕ ಇಲ್ಲ. ಆದರೆ ಪಾತ್ರ ಮೈಗಂಟಿಕೊಳ್ಳುವುದರಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ. 1980ರ ದಶಕದ 'ಸಿಹಿಕಹಿ' ಧಾರಾವಾಹಿಯಲ್ಲಿ ಜೊತೆಗೆ ನಟಿಸಿದ ಚಂದ್ರು ಮತ್ತು ಗೀತಾ ನಿಜಜೀವನದಲ್ಲೂ ಗಂಡಹೆಂಡಿರಾದರು. 'ಸಿಹಿಕಹಿ' ಇಬ್ಬರ ಹೆಸರಿನ ಹಿಂದೆ ಮನೆತನದ ಹೆಸರಿನಂತೆ ಕೂತಿತು. 'ಕ್ರೇಜಿ ಕರ್ನಲ್' ಮುಗಿದು ಎಷ್ಟು ಕಾಲವಾದರೂ ರಮೇಶ್ ಭಟ್ಟರು ಹಳೇ ಪ್ರೇಕ್ಷಕರ ಪಾಲಿಗೆ ಕರ್ನಲ್ಲೇ. 'ಸಿಲ್ಲಿ ಲಲ್ಲಿ'ಯ ರವಿಶಂಕರ್ ಗೌಡರಿಗೆ ಜನ ಡಾಕ್ಟರ್ ವಿಠಲ್ ರಾವ್ ಪಟ್ಟ ಕಟ್ಟಿದರು, ಎಂ.ಬಿ.ಬಿ.ಎಸ್. ಓದದೆಯೇ!

'ಪಾಪ ಪಾಂಡು' ಬರುತ್ತಿದ್ದ ಕಾಲದಲ್ಲಿ ಚಿದಾನಂದ್ ಪಾಂಡು ಆದರು, ಶಾಲಿನಿ ಗಂಡನನ್ನು ಗೋಳುಹೊಯ್ದುಕೊಳ್ಳುವ ಶ್ರೀಮತಿ ಆದರು. ನಿರ್ದೇಶನ ಸಿಹಿಕಹಿ ಚಂದ್ರು ಅವರದೇ. ಸಾವಿರ ಕಂತು ದಾಟಿ ಓಡಿತು. ದಿನಾ ಒಂದು ಕಂತು ಎಂದರೆ ಬರೆಯುವವನಿಗೆ ದಿನಾ ಒಂದು ಹೊಸ ತಮಾಷೆ ಬೇಕು, ಹೆಂಡತಿಯ ಕೈಲಿ ದಿನಾ ಹೊಸದಾಗಿ ಪೆಟ್ಟು ತಿನ್ನುವ ಮುಖ ನಟನಿಗೆ ಬೇಕು. ನಾವು ಅದನ್ನು ಊಟದ ಜೊತೆ ಉಪ್ಪಿನಕಾಯಿ ಹಾಗೆ ನೆಂಚಿಕೊಂಡು ಎದ್ದುಹೋದೆವು. 2018ರಲ್ಲಿ ಅದೇ ಜೋಡಿಯನ್ನು ಹಾಕಿಕೊಂಡು ಇನ್ನೊಂದು ಚಾನೆಲ್ಲಿನಲ್ಲಿ ಮತ್ತೆ ತಂದರು. ಪಾಂಡುವಿನ ತಲೆ ಮೇಲೆ ಮತ್ತೆ ಲಟ್ಟಣಿಗೆ ಎದ್ದಿತು.

ಚಂದ್ರು ಮಾತ್ರ ಅಷ್ಟರಲ್ಲಿ ಇನ್ನೊಂದು ಕಸುಬು ಹಿಡಿದಿದ್ದರು. ಸೌಟು ಹಿಡಿದು 'ಬೊಂಬಾಟ್ ಭೋಜನ' ಎಂದು ಅಡುಗೆ ಕಾರ್ಯಕ್ರಮಕ್ಕೆ ನಿಂತರು. ಅಡುಗೆಯಲ್ಲೂ ಜನ ಅವರನ್ನು ಕರೆಯುವುದು ಸಿಹಿಕಹಿ ಎಂದೇ.